ಮುಖ್ಯವಲ್ಲದ ಮಾತಿಗೊಂದು ಪರವಾನಗಿ: ಭದ್ರಾವತಿಯಿಂದ ಕೇಳಿಸಿಕೊಂಡ ಹ್ಯಾಮ್ ರೇಡಿಯೊ ಚರಿತ್ರೆ

ಇವತ್ತಿನ ಕಂತನ್ನ ಒಂದು ವಿಚಿತ್ರ ನಿಯಮದಿಂದ ಶುರು ಮಾಡ್ತೀನಿ. ಹವ್ಯಾಸಿ ರೇಡಿಯೊ, ಅಂದ್ರೆ ಹ್ಯಾಮ್ ರೇಡಿಯೊ ನಡೆಸೋಕೆ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಸಿಕ್ಕ ಮೇಲೆ ಏನು ಮಾತಾಡಬಹುದು? ಇದಕ್ಕೂ ನಿಯಮ ಇತ್ತು. ಒಂದು, ತಾಂತ್ರಿಕ ಪ್ರಯೋಗದ ವಿಷಯ. ಎರಡು, ವೈಯಕ್ತಿಕ ವಿಷಯ. ಆದರೆ ಆ ವೈಯಕ್ತಿಕ ವಿಷಯ ಟೆಲಿಫೋನು, ತಂತಿ ಬಳಸುವಷ್ಟು ಮುಖ್ಯವಾದದ್ದು ಆಗಿರಬಾರದು. ಅಂತರರಾಷ್ಟ್ರೀಯ ರೇಡಿಯೊ ನಿಯಮಗಳಲ್ಲಿ ದಶಕಗಳ ಕಾಲ ಇದ್ದ ಷರತ್ತು ಇದು. ನಮ್ಮ ದೇಶದ 1978ರ ಹವ್ಯಾಸಿ ರೇಡಿಯೊ ನಿಯಮಗಳೂ ಅದನ್ನೇ ಒಪ್ಪಿಕೊಂಡವು. ಮುಖ್ಯವಾದ ಮಾತಿದ್ರೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ. ಮುಖ್ಯವಲ್ಲದ್ದು ಮಾತ್ರ ಗಾಳಿಯಲ್ಲಿ ಬಿಡಿ, ಅಂತ ಅದರ ತಾತ್ಪರ್ಯ.

ನಾನು ಎಲೆಕ್ಟ್ರಿಕಲ್ ಇಂಜಿನಿಯರ್. ಕೆಲಸ ಮಾಡಿದ್ದು ಭದ್ರಾವತಿಯಲ್ಲಿ, ನಿವೃತ್ತಿ ಆದ ಮೇಲೆ ಶಿವಮೊಗ್ಗದಲ್ಲಿ ಮನೆ. ಹ್ಯಾಮ್ ಪರವಾನಗಿ ನನಗೆ 1979ರಿಂದ ಇದೆ. ಹಾಗಾಗಿ ಮುಖ್ಯವಲ್ಲದ ಮಾತು ಆಡೋದರಲ್ಲಿ ನನ್ನ ಅನುಭವ ನಾಲ್ಕು ದಶಕ ದಾಟಿದೆ. ಮನೆಯವರ ಲೆಕ್ಕದಲ್ಲಿ ಇನ್ನೂ ಜಾಸ್ತಿ.

ಗೊತ್ತಿಲ್ಲದವರಿಗೆ ಎರಡೇ ಮಾತು. ಹ್ಯಾಮ್ ಅಂದ್ರೆ ಎಫ್.ಎಂ. ಸ್ಟೇಷನ್ ಅಲ್ಲ, ಹಾಡು ಹಾಕೋ ಹಾಗಿಲ್ಲ. ವ್ಯಾಪಾರ, ರಾಜಕೀಯ ಎರಡೂ ನಿಷಿದ್ಧ. ಪರೀಕ್ಷೆ ಪಾಸಾದವರಿಗೆ ಒಂದು ಕಾಲ್ ಸೈನ್ ಕೊಡ್ತಾರೆ. ಭಾರತದ್ದು ಸಾಮಾನ್ಯವಾಗಿ ವಿಯು ಅಕ್ಷರಗಳಿಂದ ಶುರುವಾಗುತ್ತೆ. ನಿಮ್ಮದೇ ಸೆಟ್ಟು, ನಿಮ್ಮದೇ ತಂತಿ, ನಡುವೆ ಯಾವ ಕಂಪನಿಯೂ ಇಲ್ಲ. ಆ ಕಡೆ ಇರೋರು ಶಿರಸಿಯವರೂ ಆಗಬಹುದು, ಸೈಬೀರಿಯದವರೂ ಆಗಬಹುದು.

ನಮ್ಮ ದೇಶದಲ್ಲಿ ಇದರ ಚರಿತ್ರೆ 1921ರಿಂದ ಶುರುವಾಗುತ್ತೆ. ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಅವರನ್ನ ಮೊದಲ ಭಾರತೀಯ ಹ್ಯಾಮ್ ಅಂತ ಗುರುತಿಸ್ತಾರೆ. ಆಗಿನ್ನೂ ಆಕಾಶವಾಣಿಯೂ ಇಲ್ಲ, ಆ ಹೆಸರೂ ಇಲ್ಲ. ಅಂದ್ರೆ ಈ ದೇಶದಲ್ಲಿ ಸರ್ಕಾರಿ ರೇಡಿಯೊಗಿಂತ ಹವ್ಯಾಸಿ ರೇಡಿಯೊ ಹಿರಿಯದು. ಈ ಕ್ರಮ ನೆನಪಿಟ್ಕೊಳ್ಳಿ, ಮೈಸೂರಿನ ಕಥೆಗೆ ಇದು ಬೇಕಾಗುತ್ತೆ.

ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ ಒಂದು ಪ್ರಸಾರ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಶಕ್ತಿ 30 ವ್ಯಾಟ್. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಆಮೇಲೆ ಆ ಕೇಂದ್ರವನ್ನ ಮೈಸೂರು ಸರ್ಕಾರ ವಹಿಸಿಕೊಂಡಿತು, ಸ್ವಾತಂತ್ರ್ಯ ಬಂದ ಮೇಲೆ ಅಖಿಲ ಭಾರತ ರೇಡಿಯೊದ ಜೊತೆ ಸೇರಿತು, 1955ರಲ್ಲಿ ಬೆಂಗಳೂರಿನ ಕೇಂದ್ರ ಬಂತು. ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆಲ್ಲ ಹರಡಿತು. ಈ ಕಥೆಯನ್ನ ನಾವು ಹೆಮ್ಮೆಯಿಂದ ಹೇಳ್ತೀವಿ, ಹೇಳಲೇಬೇಕು. ನನ್ನ ಕಣ್ಣು ಮಾತ್ರ ಆ 30 ವ್ಯಾಟ್ ಮೇಲೆ ನಿಲ್ಲುತ್ತೆ. ಮನೆಯ ಒಂದು ಬಲ್ಬಿನಷ್ಟು ಶಕ್ತಿ ಅದು. ಇವತ್ತು ಸಾಧಾರಣ ಹ್ಯಾಮ್ ಸೆಟ್ಟು 100 ವ್ಯಾಟ್ ಕೊಡುತ್ತೆ. ಗೋಪಾಲಸ್ವಾಮಿ ಅವರು ಮಾಡಿದ್ದು ಪ್ರಸಾರ, ಹ್ಯಾಮ್ ಮಾಡೋದು ಸಂಭಾಷಣೆ. ಕಾನೂನಿನ ಕಣ್ಣಲ್ಲಿ ಎರಡೂ ಬೇರೆ. ಯಂತ್ರದ ಕಣ್ಣಲ್ಲಿ ಅಷ್ಟೇನೂ ಬೇರೆ ಅಲ್ಲ. ಒಬ್ಬ ಮೇಷ್ಟ್ರು ಮನೆಯಲ್ಲಿ ಕೂತು ಒಂದು ಊರನ್ನೇ ಮಾತಾಡಿಸಬಹುದು ಅಂದಾಗ ಸರ್ಕಾರಕ್ಕೆ ಖುಷಿಯೂ ಆಗುತ್ತೆ, ಭಯವೂ ಆಗುತ್ತೆ. ಮೈಸೂರು ಸಂಸ್ಥಾನ ಖುಷಿ ಪಟ್ಟಿತು. ಬ್ರಿಟಿಷ್ ಇಂಡಿಯಾ ಭಯಪಟ್ಟಿತು.

ಆ ಭಯ 1933ರ ವೈರ್‌ಲೆಸ್ ಕಾಯ್ದೆಯಲ್ಲಿ ಬರವಣಿಗೆಯಲ್ಲೇ ಇದೆ. ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಬಳಸೋದು ಇರಲಿ, ಇಟ್ಕೊಳ್ಳೋದೇ ಅಪರಾಧ. ನಮ್ಮ ತಲೆಮಾರಿನವರಿಗೆ ಇದರ ಒಂದು ಮುಖ ಚೆನ್ನಾಗಿ ನೆನಪಿರುತ್ತೆ. ಮನೆಯಲ್ಲಿ ಹಾಡು ಕೇಳೋ ರೇಡಿಯೊಗೂ ಅಂಚೆ ಕಚೇರಿಯಲ್ಲಿ ವರ್ಷಾ ವರ್ಷ ದುಡ್ಡು ಕಟ್ಟಿ ಪುಟ್ಟ ಪುಸ್ತಕಕ್ಕೆ ಮುದ್ರೆ ಹಾಕಿಸ್ಕೋಬೇಕಿತ್ತು. ಅದು ಪೂರ್ತಿ ರದ್ದಾಗಿದ್ದು 1980ರ ದಶಕದಲ್ಲಿ. ಬರೀ ಕೇಳೋಕೇ ಅಷ್ಟಿದ್ರೆ ಮಾತಾಡೋಕೆ ಎಷ್ಟಿರಬೇಡ?

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು, ಹ್ಯಾಮ್ ಪರವಾನಗಿಗಳೆಲ್ಲ ರದ್ದಾದವು. ಸೆಟ್ಟುಗಳನ್ನ ಒಪ್ಪಿಸಿ ಅಂದರು. ಎಲ್ಲರೂ ಒಪ್ಪಿಸಲಿಲ್ಲ ಅನ್ನೋದು ಗೊತ್ತಾಗಿದ್ದು ಮೂರು ವರ್ಷದ ಮೇಲೆ. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಘೋಷಣೆ ಆಗಿ ನಾಯಕರೆಲ್ಲ ಜೈಲು ಸೇರಿದಾಗ ಮುಂಬೈಯಲ್ಲಿ ಉಷಾ ಮೆಹ್ತಾ ಮತ್ತವರ ಗೆಳೆಯರು ಗುಪ್ತವಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಉಷಾ ಅವರಿಗೆ ಆಗ 22 ವರ್ಷ. ಟ್ರಾನ್ಸ್‌ಮಿಟರ್ ಕಟ್ಟಿಕೊಟ್ಟವರು ನರೀಮನ್ ಪ್ರಿಂಟರ್, ಯುದ್ಧಕ್ಕೆ ಮುಂಚೆ ಹ್ಯಾಮ್ ಆಗಿದ್ದವರು. ಜಾಗ ಬದಲಿಸ್ತಾ ಬದಲಿಸ್ತಾ ನವೆಂಬರ್ 12ರವರೆಗೆ ಅದು ನಡೀತು. ಆಮೇಲೆ ಪೊಲೀಸರು ಹಿಡಿದರು. ಉಷಾ ಅವರಿಗೆ ನಾಲ್ಕು ವರ್ಷ ಶಿಕ್ಷೆ ಆಯ್ತು.

ಆ ಕೇಂದ್ರ ತನ್ನನ್ನ ಪರಿಚಯ ಮಾಡಿಕೊಳ್ತಿದ್ದದ್ದು 42.34 ಮೀಟರ್ ತರಂಗಾಂತರದಲ್ಲಿ. ಇದನ್ನ ಒಂದು ಸಲ ಓದಿ ಮುಂದೆ ಹೋಗಿಬಿಡ್ತೀವಿ. ಹ್ಯಾಮ್ ಆದವನು ಪೆನ್ನು ತೆಗೀತಾನೆ. 300ನ್ನ 42.34ರಿಂದ ಭಾಗಿಸಿ, ಸುಮಾರು 7.085 ಮೆಗಾಹರ್ಟ್ಸ್ ಬರುತ್ತೆ. ಅದು ನಮ್ಮ 40 ಮೀಟರ್ ಬ್ಯಾಂಡು, 7.0ರಿಂದ 7.2 ಮೆಗಾಹರ್ಟ್ಸ್. ಇವತ್ತಿಗೂ ಬೆಳಿಗ್ಗೆ ಹೊತ್ತು ದಕ್ಷಿಣ ಭಾರತದ ಹ್ಯಾಮ್‌ಗಳು ಸೇರೋ ಜಾಗ ಅದೇ. ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿದ್ದ ಓಣಿಯಲ್ಲೇ ಸ್ವಾತಂತ್ರ್ಯ ಹೋರಾಟದ ದನಿ ನಡೆದು ಹೋಗಿತ್ತು. ಅದೇ ವಾರಗಳಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ತಮ್ಮ ಊರು ಸ್ವತಂತ್ರ ಅಂತ ಸಾರಿಬಿಟ್ಟಿದ್ದರು. ಅದಕ್ಕೆ ಅವರು ತೆತ್ತ ಬೆಲೆ ಈ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ. 1943ರ ಮಾರ್ಚ್‌ನಲ್ಲಿ ಐವರನ್ನ ಗಲ್ಲಿಗೇರಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಪರವಾನಗಿಗಳು ಮತ್ತೆ ಬಂದವು, 1933ರ ಕಾಯ್ದೆ ಮಾತ್ರ ಹಾಗೇ ಉಳೀತು. ನನ್ನ ಅಭಿಪ್ರಾಯ ಕೇಳಿದ್ರೆ, ಹೊಸ ಸರ್ಕಾರಕ್ಕೆ 1942ರ ಪಾಠ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಉಳೀತು. ಅರ್ಜಿ ಹಾಕಿದವರ ಪೂರ್ವಾಪರ ವಿಚಾರಣೆ ಆಗ್ತಿತ್ತು, ಪರೀಕ್ಷೆ ಪಾಸಾದ ಮೇಲೂ ಕಾಗದ ಕೈಗೆ ಬರೋಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ತಾಳ್ಮೆ ಇಲ್ಲದವರು ಮೊದಲೇ ಉದುರಿ ಹೋಗ್ತಿದ್ರು. ಉಳಿದವರೇ ಹ್ಯಾಮ್‌ಗಳು.

ಈಗ ಭದ್ರಾವತಿಗೆ ಬರೋಣ. ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆ ಬರೋಕೆ ಮುಂಚಿನಿಂದ ಇದ್ದ ಹೆಸರು, ಕಾರ್ಖಾನೆಗೆ ಅಂತಲೇ ಇಟ್ಟಂಗಿದೆ. ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿದ್ದು 1918ರಲ್ಲಿ, ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಮಲೆನಾಡಿನ ಕಾಡಿನ ಇದ್ದಿಲು, ಕೆಮ್ಮಣ್ಣುಗುಂಡಿಯ ಅದಿರು. ವಿಶ್ವೇಶ್ವರಯ್ಯನವರು ಅದನ್ನ ಹಳಿಗೆ ತಂದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಇಂಥ ಊರಲ್ಲಿ ಒಂದು ಗುಣ ಇರುತ್ತೆ. ಮೋಟಾರ್ ಸುತ್ತೋರು, ಲೇತ್ ಮೇಲೆ ಕೆಲಸ ಮಾಡೋರು, ಬೆಸುಗೆ ಹಾಕೋರು, ಮೀಟರ್ ರಿಪೇರಿ ಮಾಡೋರು, ಎಲ್ಲರೂ ಬೀದಿಗೊಬ್ಬರು ಸಿಗ್ತಾರೆ. ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕಾ? ಅರ್ಧ ಗಂಟೆ ನಡೆದ್ರೆ ಆಯ್ತು. ಸಂಜೆ ಶಿಫ್ಟು ಮುಗಿಸಿ ಬಂದವರಿಗೆ ಕೈ ಸುಮ್ಮನಿರಲ್ಲ. ಹವ್ಯಾಸಿ ರೇಡಿಯೊ ಬೆಳೆಯೋಕೆ ಪುಸ್ತಕದ ಅಂಗಡಿಗಿಂತ ಇಂಥ ಊರು ಬೇಕು.

ಇನ್ನೊಂದು ಕಾರಣ 1965ರಲ್ಲಿ ಬಂತು, ಆಕಾಶವಾಣಿ ಭದ್ರಾವತಿ. ಮಧ್ಯಮ ತರಂಗ 675 ಕಿಲೋಹರ್ಟ್ಸ್. ಜಿಲ್ಲಾ ಕೇಂದ್ರ ಶಿವಮೊಗ್ಗ, ಆದರೆ ರೇಡಿಯೊ ಕೇಂದ್ರದ ಹೆಸರು ಭದ್ರಾವತಿ. ಕೃಷಿರಂಗ, ಯಕ್ಷಗಾನ, ಪ್ರದೇಶ ಸಮಾಚಾರ ಎಲ್ಲ ಅಲ್ಲಿಂದ. ಮಲೆನಾಡಿನ ಅಡಿಕೆ ಚಪ್ಪರದಡಿ ಆ ದನಿ ಕೇಳದ ಮನೆ ಇರಲಿಲ್ಲ. ಹ್ಯಾಮ್‌ಗಳಿಗೆ ಅದು ವರವೂ ಹೌದು, ಕಾಟವೂ ಹೌದು. ವರ ಯಾಕಂದ್ರೆ, ರೇಡಿಯೊ ಬಿಚ್ಚಿ ನೋಡೋ ಹುಡುಗರ ಒಂದು ತಲೆಮಾರನ್ನೇ ಅದು ಹುಟ್ಟಿಸಿತು. ಕಾಟ ಯಾಕಂದ್ರೆ, ಊರಲ್ಲೇ 20 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಇದ್ರೆ ಮನೆಯಲ್ಲಿ ಮಾಡಿದ ರಿಸೀವರ್‌ಗೆ ಬೇರೆ ಏನೂ ಕೇಳಲ್ಲ. ಸಣ್ಣ ದನಿ ಹುಡುಕ್ತಾ ಕಿವಿ ಚೂಪು ಮಾಡಿ ಕೂತಿದ್ರೆ, ಡಯಲ್‌ನ ಎಲ್ಲ ಮೂಲೆಯಲ್ಲೂ ವಾರ್ತೆ. ಅದನ್ನ ತಡೆಯೋ ಫಿಲ್ಟರ್ ಕಟ್ಟೋದೇ ಇಲ್ಲಿನವರಿಗೆ ಮೊದಲ ಪಾಠ ಆಗ್ತಿತ್ತು. ಜೊತೆಗೆ ಉಕ್ಕು ಕರಗಿಸೋ ಆರ್ಕ್ ಕುಲುಮೆ ಇದ್ದ ಊರು. ವಿದ್ಯುತ್ ಕಿಡಿ ಅಂದ್ರೇನೇ ರೇಡಿಯೊ ಗದ್ದಲ.

ಸಾಮಾನು ಎಲ್ಲಿಂದ ಬರ್ತಿತ್ತು ಅಂತ ಹುಡುಗರು ಕೇಳ್ತಾರೆ. ಬಹುಪಾಲು ಗುಜರಿಯಿಂದ. ಯುದ್ಧ ಮುಗಿದ ಮೇಲೆ ಸೇನೆಯ ಹಳೆ ವೈರ್‌ಲೆಸ್ ಸಾಮಾನು ಹರಾಜಾಗಿ ದೇಶದ ಗುಜರಿ ಅಂಗಡಿಗಳಿಗೆ ಬಂತು. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಈಗಿನವರು ಎಸ್.ಪಿ. ರೋಡ್ ಅಂತಾರಲ್ಲ, ನಮಗೆ ಯಾತ್ರಾ ಸ್ಥಳ ಇದ್ದಂಗೆ. 807 ಅನ್ನೋ ಒಂದು ವಾಲ್ವ್ ಇತ್ತು, ಗಾಜಿನ ಬುಡ್ಡಿ, ತಲೆ ಮೇಲೊಂದು ಟೋಪಿ. ಅದಕ್ಕೆ 600 ವೋಲ್ಟ್ ಕೊಟ್ರೆ ಪ್ರಪಂಚ ಕೇಳಿಸುವಷ್ಟು ಶಕ್ತಿ ಕೊಡ್ತಿತ್ತು. ಅದೇ 600 ವೋಲ್ಟ್ ಕೈಗೆ ತಗುಲಿದ್ರೆ ನಮ್ಮನ್ನೇ ಆ ಕಡೆ ಕಳಿಸೋ ಶಕ್ತಿಯೂ ಇತ್ತು. ಒಂದು ಕೈ ಜೇಬಲ್ಲಿಟ್ಟುಕೊಂಡು ಕೆಲಸ ಮಾಡು ಅಂತ ಹಿರಿಯರು ಕಲಿಸ್ತಿದ್ರು. ಎರಡೂ ಕೈ ತಾಗಿದ್ರೆ ವಿದ್ಯುತ್ ಎದೆ ಹಾದು ಹೋಗುತ್ತೆ, ಅದಕ್ಕೆ.

ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಿತ್ತು. ಎಲೆಕ್ಟ್ರಾನಿಕ್ಸ್ ನಮಗೆ ಕಷ್ಟ ಅಲ್ಲ. ನಡುಗಿಸ್ತಿದ್ದದ್ದು ಮೋರ್ಸ್. ಎರಡನೇ ದರ್ಜೆಗೆ ನಿಮಿಷಕ್ಕೆ 5 ಪದ, ಮೊದಲ ದರ್ಜೆಗೆ 12 ಪದ. ಪದಕ್ಕೆ ಐದು ಅಕ್ಷರದ ಲೆಕ್ಕ, ಅಂದ್ರೆ 12 ಪದಕ್ಕೆ ಸೆಕೆಂಡಿಗೊಂದು ಅಕ್ಷರ. ಚುಕ್ಕೆ, ಗೀಟು ಅಂತ ಕಾಗದದ ಮೇಲೆ ಕಲಿತವರು ಅಲ್ಲೇ ಸಿಕ್ಕಿಹಾಕೊಳ್ತಿದ್ರು, ಯಾಕಂದ್ರೆ ಕಿವಿಗೆ ಬಂದದ್ದನ್ನ ಕಣ್ಣಿನ ಚಿತ್ರ ಮಾಡಿ ಆಮೇಲೆ ಅಕ್ಷರ ಮಾಡೋಷ್ಟರಲ್ಲಿ ಮುಂದಿನ ಎರಡು ಅಕ್ಷರ ಹೋಗಿರುತ್ತೆ. ಮೃದಂಗದ ಪಾಠದ ಹಾಗೆ ಬಾಯಲ್ಲಿ ಹೇಳಿಕೊಂಡು ಕಲೀಬೇಕು. ದಾ-ದಿ-ದಾ-ದಿ, ದಾ-ದಾ-ದಿ-ದಾ. ಯಾರಾದ್ರೂ ಇದ್ದೀರಾ, ಮಾತಾಡಿ ಅಂತ ಕರೆಯೋ ಸಂಕೇತ ಅದು. ನಾನು ಬಸ್ಸಿನಲ್ಲಿ ಅಂಗಡಿ ಬೋರ್ಡುಗಳನ್ನೆಲ್ಲ ಬಾಯಲ್ಲಿ ದಿ-ದಾ ಮಾಡಿಕೊಂಡು ಹೋಗ್ತಿದ್ದೆ, ಪಕ್ಕದವರು ಸ್ವಲ್ಪ ಸರಿದು ಕೂರ್ತಿದ್ರು.

ನನಗೆ ಈ ಹವ್ಯಾಸದಲ್ಲಿ ಅತ್ಯಂತ ಇಷ್ಟವಾದದ್ದು ಅಂಟೆನಾ. ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಸಹಿಸ್ಕೊಳ್ಳಿ. 40 ಮೀಟರ್ ಬ್ಯಾಂಡಿಗೆ ಬೇಕಾಗಿರೋದು ಸುಮಾರು 20 ಮೀಟರ್ ತಾಮ್ರದ ತಂತಿ. ಮಧ್ಯದಲ್ಲಿ ಕತ್ತರಿಸಿ, ಎರಡು ಕಡೆಗೂ ಹತ್ತತ್ತು ಮೀಟರ್ ಎಳೆದು, ನಡುವಿನಿಂದ ಕೇಬಲ್ ಇಳಿಸಿದ್ರೆ ಆಯ್ತು. ಕಂಬಕ್ಕೆ ಮಲೆನಾಡಿನಲ್ಲಿ ಬರ ಇಲ್ಲ, ಅಡಿಕೆ ಮರ, ತೆಂಗಿನ ಮರ, ಬಿದಿರು. ದಾರಕ್ಕೆ ಕಲ್ಲು ಕಟ್ಟಿ ಮರದ ಮೇಲೆ ಎಸೀಬೇಕು, ಇಲ್ಲ ಕೊನೆ ಕೊಯ್ಯೋ ದೋಟಿಯಲ್ಲಿ ಏರಿಸಬೇಕು. ಎತ್ತರಕ್ಕೆ ಕಟ್ಟಿದಷ್ಟೂ ಒಳ್ಳೇದು ಅಂತ ಪುಸ್ತಕಗಳು ಹೇಳ್ತವೆ. ದೂರದ ದೇಶಕ್ಕೆ ಅದು ಸರಿ. ಆದರೆ ಪಕ್ಕದ ಜಿಲ್ಲೆಯವರ ಜೊತೆ ಮಾತಾಡಬೇಕು ಅಂದ್ರೆ ಎಂಟು, ಹತ್ತು ಮೀಟರ್ ಎತ್ತರವೇ ಸಾಕು, ಅದೇ ಚೆನ್ನ.

ಯಾಕೆ ಅಂದ್ರೆ, ತಗ್ಗಿನಲ್ಲಿ ಕಟ್ಟಿದ ತಂತಿಯಿಂದ ಅಲೆ ಹೆಚ್ಚುಪಾಲು ನೇರವಾಗಿ ಮೇಲಕ್ಕೆ ಹೋಗುತ್ತೆ. ನೆಲದಿಂದ ಇನ್ನೂರೈವತ್ತು, ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಇದೆ. ಬಿಸಿಲಿಗೆ ಅಲ್ಲಿನ ಗಾಳಿ ವಿದ್ಯುತ್ ಕಣಗಳಾಗಿ ಒಡೆದಿರುತ್ತೆ. ಹಗಲು ಹೊತ್ತು ಅದು 7 ಮೆಗಾಹರ್ಟ್ಸ್ ಅಲೆಯನ್ನ ಕೊಡೆಯ ಹಾಗೆ ಕೆಳಕ್ಕೆ ಹರಡುತ್ತೆ. ನಾಲ್ಕೈದು ನೂರು ಕಿಲೋಮೀಟರ್ ಸುತ್ತಳತೆಗೆ ಮಳೆ ಸುರಿದಂಗೆ ಬೀಳುತ್ತೆ. ಆಗುಂಬೆ ಘಾಟಿ ಅಡ್ಡ ಇದ್ರೂ, ಕೊಡಚಾದ್ರಿ ಅಡ್ಡ ಇದ್ರೂ ಲೆಕ್ಕಕ್ಕಿಲ್ಲ, ಯಾಕಂದ್ರೆ ಅಲೆ ಬೆಟ್ಟದ ಪಕ್ಕದಿಂದ ಬರ್ತಿಲ್ಲ, ನೆತ್ತಿ ಮೇಲಿಂದ ಬರ್ತಿದೆ. ಮೊಬೈಲ್ ಟವರ್ ಸಿಗ್ನಲ್ ನೇರ ದಾರಿ ಹುಡುಕುತ್ತೆ, ಗುಡ್ಡ ಸಿಕ್ಕಿದ್ರೆ ನಿಂತುಬಿಡುತ್ತೆ. ತೀರ್ಥಹಳ್ಳಿ, ಹೊಸನಗರದ ಒಳಗಿನ ಮನೆಯವರಿಗೆ ಇದನ್ನ ವಿವರಿಸೋದೇ ಬೇಡ. ಫೋನ್ ಹಿಡ್ಕೊಂಡು ದಿಬ್ಬ ಹತ್ತಿ ಅಭ್ಯಾಸ ಇದೆ.

ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಎಲ್ಲ ಪಕ್ಕದ ಮನೆ. ಕತ್ತಲಾದಂತೆ ಆ ಪದರ ತೆಳುವಾಗುತ್ತೆ, ನೇರ ಹೋದ ಅಲೆ ವಾಪಸ್ ಬರದೆ ತೂರಿ ಹೋಗುತ್ತೆ, ಓರೆಯಾಗಿ ಹೋದದ್ದು ಮಾತ್ರ ಬಹುದೂರ ಹೋಗಿ ಬೀಳುತ್ತೆ. ಆಗ ಹುಬ್ಬಳ್ಳಿಯವರು ಮಾಯ, ಇಂಡೊನೇಷ್ಯಾ, ರಷ್ಯಾದವರು ಹಾಜರು. ಹತ್ತಿರದವರು ಹಗಲಿಗೆ, ದೂರದವರು ರಾತ್ರಿಗೆ. ಸೂರ್ಯನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುವಾಗ ಇಡೀ ಲೆಕ್ಕವೇ ಮೇಲೆ ಕೆಳಗೆ ಆಗುತ್ತೆ. ನಾನು ಅಂಥ ನಾಲ್ಕು ಏರಿಳಿತ ನೋಡಿದೀನಿ.

ಏಪ್ರಿಲ್, ಮೇ ತಿಂಗಳು ನಮಗೆ ರಜೆ. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲು ಶುರುವಾದ್ರೆ ಮೊದಲು ಅಂಟೆನಾ ಕೇಬಲ್ ಕಿತ್ತು ಕಿಟಕಿ ಹೊರಗೆ ಹಾಕಬೇಕು. ಇನ್ನು 1990ರ ದಶಕದ ಲೋಡ್ ಶೆಡ್ಡಿಂಗ್ ಎಲ್ಲರಿಗೂ ಶಾಪ ಆಗಿತ್ತಲ್ಲ, ನಮಗೆ ಹಬ್ಬ. ಕರೆಂಟು ಹೋದ ಕೂಡಲೇ ಬೀದಿಯ ಮೋಟಾರು, ಟ್ಯೂಬ್ ಲೈಟು, ಟಿವಿ ಎಲ್ಲದರ ಗದ್ದಲ ನಿಲ್ಲುತ್ತೆ. ಕಾರ್ ಬ್ಯಾಟರಿಗೆ ಸೆಟ್ಟು ಸಿಕ್ಕಿಸಿ ಕೂತರೆ ಅಷ್ಟು ಹೊತ್ತು ಕೇಳದೇ ಇದ್ದ ದನಿಗಳು ಒಂದೊಂದೇ ಮೇಲೆ ಬರ್ತವೆ. ಈಗ ಕರೆಂಟು ಹೋಗಲ್ಲ, ಹೋದರೂ ಎಲ್ಲರ ಮನೆಯಲ್ಲೂ ಇನ್ವರ್ಟರ್. ಅಗ್ಗದ ಎಲ್ಇಡಿ ಬಲ್ಬು, ಚಾರ್ಜರ್‌ಗಳ ಕೀರಲು ಸದ್ದು ಇಪ್ಪತ್ನಾಲ್ಕು ಗಂಟೆ.

ಸರಿ, ಇಷ್ಟೆಲ್ಲ ಮಾಡಿ ಏನು ಮಾತಾಡ್ತಿದ್ವಿ? ಅದೇ, ಮುಖ್ಯವಲ್ಲದ್ದು. ನಿಮ್ಮ ದನಿ ಹೇಗೆ ಬರ್ತಿದೆ, ಅಂಟೆನಾ ಎಷ್ಟು ಎತ್ತರ, ನಿಮ್ಮಲ್ಲಿ ಮಳೆ ಹೇಗೆ, ಸೊಂಟ ನೋವು ಕಮ್ಮಿ ಆಯ್ತಾ. ಪ್ರತಿಯೊಂದನ್ನೂ ದಾಖಲೆ ಮಾಡಬೇಕಿತ್ತು. ನಿಯಮದ ಪ್ರಕಾರ ಬೈಂಡ್ ಮಾಡಿದ ಪುಸ್ತಕದಲ್ಲಿ ದಿನಾಂಕ, ಸಮಯ, ಆವರ್ತನ, ಯಾರ ಜೊತೆ, ಎಲ್ಲ ಕ್ರಮವಾಗಿ. ಬಿಡಿ ಹಾಳೆ ನಡೆಯಲ್ಲ. ಕೇಳೋಕೆ ಬರೋ ಅಧಿಕಾರಿಗೆ ತೋರಿಸೋಕೆ ಅಂತ ಮಾಡಿದ ನಿಯಮ ಅದು. ಅದು ಬೇರೆಯೇ ಕೆಲಸ ಮಾಡಿಬಿಟ್ಟಿತು, ಅದಕ್ಕೆ ಆಮೇಲೆ ಬರ್ತೀನಿ.

1984ರಲ್ಲಿ ಹ್ಯಾಮ್ ಸೆಟ್ಟುಗಳ ಮೇಲಿನ ಆಮದು ಸುಂಕ ಮನ್ನಾ ಆಯ್ತು. ರಾಜೀವ್ ಗಾಂಧಿ ಅವರೇ ಹ್ಯಾಮ್ ಆಗಿದ್ದರು, ಅವರ ಕಾಲ್ ಸೈನ್ ವಿಯು2ಆರ್‌ಜಿ. ಜಪಾನಿನ ಸೆಟ್ಟುಗಳು ಬಂದವು, ಹೊಸಬರು ಬಹಳ ಮಂದಿ ಬಂದರು. ಬೆಸುಗೆ ಹಾಕೋ ಕೈ ಕಡಿಮೆ ಆಯ್ತು ಅಂತ ಹಳಬರು ಗೊಣಗಿದರು, ನಾನೂ ಗೊಣಗಿದವರ ಪೈಕಿ. ಅದಕ್ಕೆ ಉತ್ತರ ಬಂದಿದ್ದು 2003ರಲ್ಲಿ, ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್ಎಕ್ಸ್ ಅನ್ನೋ ಸೆಟ್ಟಿನ ರೂಪದಲ್ಲಿ. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗೋಂಥ ಬಿಡಿಭಾಗಗಳಿಂದ ಯಾರು ಬೇಕಾದ್ರೂ ಕಟ್ಟಬಹುದಾದ ಸೆಟ್ಟು. ನಕ್ಷೆಯನ್ನ ಎಲ್ಲರಿಗೂ ಬಿಟ್ಟುಕೊಟ್ಟರು, ಜಗತ್ತಿನ ಹ್ಯಾಮ್‌ಗಳು ಅದನ್ನ ಕಟ್ಟಿದರು. 2005ರ ಮೇ 5ರಂದು ಇಸ್ರೊ ಹ್ಯಾಮ್‌ಗಳಿಗೆ ಅಂತಲೇ ಹ್ಯಾಮ್‌ಸ್ಯಾಟ್ ಅನ್ನೋ 42.5 ಕಿಲೋ ತೂಕದ ಉಪಗ್ರಹ ಹಾರಿಸಿತು. ಅದು 2014ರವರೆಗೆ ಕೆಲಸ ಮಾಡಿತು.

ಈಗ ಆ ನಿಯಮದ ಇನ್ನೊಂದು ಮಗ್ಗುಲು ನೋಡಿ. ಬೇರೆಯವರ ಸಂದೇಶವನ್ನ ಹ್ಯಾಮ್ ದಾಟಿಸೋ ಹಾಗಿಲ್ಲ. ಆದರೆ ಪ್ರಕೃತಿ ವಿಕೋಪ ಆದಾಗ ಇದಕ್ಕೆ ವಿನಾಯಿತಿ ಇದೆ. ಮುಖ್ಯವಲ್ಲದ ಮಾತಿಗಷ್ಟೇ ಅರ್ಹ ಅಂತ ಅಲ್ಲಿಯವರೆಗೆ ಬರೆದಿಟ್ಟವರನ್ನ, ಟೆಲಿಫೋನ್ ಸತ್ತ ದಿನ ಎಲ್ಲಕ್ಕಿಂತ ಮುಖ್ಯವಾದ ಮಾತು ದಾಟಿಸಿ ಅಂತ ಕರೀತಾರೆ. 1999ರ ಒಡಿಶಾ ಚಂಡಮಾರುತದಲ್ಲಿ ಕರೆದರು. 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಭುಜ್ ಭೂಕಂಪ ಆದಾಗ ಕರೆದರು. ಆ ದಿನಗಳಲ್ಲಿ ನಾನು ಮಾಡಿದ ಕೆಲಸ ಬಾಯಿ ಮುಚ್ಚಿಕೊಂಡು ಕೇಳೋದು. ತುರ್ತು ಸಂದೇಶ ಹೋಗ್ತಿರೋ ಆವರ್ತನದಲ್ಲಿ ಕೆಲಸ ಇಲ್ಲದವರು ಸುಮ್ಮನಿರಬೇಕು, ಅದೇ ಸಹಾಯ. ಕಾಗದದ ಮೇಲೆ ಹೆಸರು, ಊರು ಬರೆದುಕೊಳ್ತಾ ಹೋದೆ, ಯಾರಿಗಾದ್ರೂ ಸರಿಯಾಗಿ ಕೇಳದಿದ್ರೆ ದಾಟಿಸೋಕೆ ಇರಲಿ ಅಂತ.

ಅಂಡಮಾನ್ ಕಥೆ ಇದಕ್ಕಿಂತ ದೊಡ್ಡದು. ಅಲ್ಲಿಂದ ಹ್ಯಾಮ್ ಪ್ರಸಾರಕ್ಕೆ ಬಹಳ ವರ್ಷ ಅನುಮತಿ ಇರಲಿಲ್ಲ. ದೆಹಲಿಯ ಭಾರತಿ ಪ್ರಸಾದ್ ಅವರು ಕಾಡಿ ಬೇಡಿ ಅನುಮತಿ ಪಡೆದು 2004ರ ಡಿಸೆಂಬರ್ ಮೊದಲ ವಾರ ಪೋರ್ಟ್ ಬ್ಲೇರ್‌ನಲ್ಲಿ ಕೇಂದ್ರ ತೆರೆದರು. ಉದ್ದೇಶ ಶುದ್ಧ ಹವ್ಯಾಸ. ಅಪರೂಪದ ಜಾಗದ ಜೊತೆ ಒಂದು ಸಲ ಮಾತಾಡಿ ಅದರ ಕಾರ್ಡು ಪಡೆಯೋಕೆ ಪ್ರಪಂಚದ ಹ್ಯಾಮ್‌ಗಳೆಲ್ಲ ಸಾಲು ನಿಂತಿದ್ದರು. ಇದಕ್ಕಿಂತ ಮುಖ್ಯವಲ್ಲದ ಕೆಲಸ ಇನ್ನೊಂದಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಜಗಳ ಆಡಲ್ಲ. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಟೆಲಿಫೋನ್ ಮಾರ್ಗಗಳು ಕಡಿದು ಹೋದವು. ಆ ಹವ್ಯಾಸದ ಕೇಂದ್ರವೇ ದ್ವೀಪಗಳಿಗೂ ಮುಖ್ಯಭೂಮಿಗೂ ನಡುವಿನ ಸುದ್ದಿಯ ದಾರಿ ಆಯ್ತು. ಬದುಕಿದ್ದೀವಿ ಅನ್ನೋ ಎರಡು ಪದ ದಾಟಿಸೋಕೆ ಜನ ಕಾದಿದ್ದರು. ಮೂರು ವಾರ ಮುಂಚೆ ಆ ಅನುಮತಿ ಸಿಕ್ಕಿರದಿದ್ದರೆ ಅಲ್ಲಿ ಸೆಟ್ಟೇ ಇರ್ತಿರಲಿಲ್ಲ. ಹವ್ಯಾಸ ಏನಕ್ಕೆ ಅಂತ ಕೇಳೋರಿಗೆ ನಾನು ಬೇರೆ ಉತ್ತರ ಹುಡುಕೋಕೆ ಹೋಗಲ್ಲ.

ಮಲೆನಾಡಿನಲ್ಲಿ ಈಗ ಮಳೆಗಾಲ ಅಂದ್ರೆ ಗುಡ್ಡ ಕುಸಿತದ ಭಯವೂ ಜೊತೆಗೇ ಬರುತ್ತೆ. ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಹೋಗುತ್ತೆ. ತಗ್ಗಿನಲ್ಲಿ ಕಟ್ಟಿದ 20 ಮೀಟರ್ ತಂತಿ, ಒಂದು ಕಾರ್ ಬ್ಯಾಟರಿ, ಅದನ್ನ ಬಳಸೋಕೆ ಬರೋ ಒಬ್ಬ ಮನುಷ್ಯ ಪ್ರತಿ ತಾಲ್ಲೂಕಿನಲ್ಲೂ ಇರಬೇಕು ಅನ್ನೋದು ನನ್ನ ಹಟ. ತಂತಿ, ಬ್ಯಾಟರಿ ಎಲ್ಲಿ ಬೇಕಾದ್ರೂ ಸಿಗುತ್ತೆ. ಮನುಷ್ಯ ಸಿಗೋದು ಕಷ್ಟ.

ಯಾಕಂದ್ರೆ ಅವರನ್ನ ತಯಾರು ಮಾಡ್ತಿದ್ದ ಊರು ಬದಲಾಗಿದೆ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ 2015ರ ಸುಮಾರಿಗೆ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಬಂತು, ಅದರ ವಿರುದ್ಧ ಕಾರ್ಮಿಕರ ಹೋರಾಟ ನಡೀತು. ಕ್ವಾರ್ಟರ್ಸ್ ಖಾಲಿ. ಮಕ್ಕಳು ಬೆಂಗಳೂರಲ್ಲೋ, ಅಮೆರಿಕದಲ್ಲೋ ಇದ್ದಾರೆ. ಹ್ಯಾಮ್‌ಗಳ ಭಾಷೆಯಲ್ಲಿ ಸತ್ತವರನ್ನ ಸೈಲೆಂಟ್ ಕೀ ಅಂತಾರೆ, ಮೋರ್ಸ್ ಕೀಲಿ ಸುಮ್ಮನಾಯ್ತು ಅಂತ. ಅಂಥ ಮನೆಗಳಿಗೆ ನಾನು ಹೋಗಿದೀನಿ. ಹದಿನಾರನೇ ದಿನ ಮುಗಿದ ಮೇಲೆ ಮಕ್ಕಳು ಅಟ್ಟದಿಂದ ಪೆಟ್ಟಿಗೆ ಇಳಿಸ್ತಾರೆ, ಅಂಕಲ್, ಇದು ಏನಕ್ಕಾದ್ರೂ ಬರುತ್ತಾ ಅಂತಾರೆ. ತಾಮ್ರ ಇರೋದರಿಂದ ಗುಜರಿಯವರು ತೂಕಕ್ಕೆ ತಗೊಳ್ತಾರೆ. ಪುಸ್ತಕಗಳು ರದ್ದಿಗೆ.

ಆ ಪುಸ್ತಕಗಳ ವಿಷಯಕ್ಕೇ ಬರ್ತೀನಿ ಅಂದಿದ್ದೆ. ಲಾಗ್ ಬುಕ್ಕು. ಸರ್ಕಾರ ಕಡ್ಡಾಯ ಮಾಡಿದ್ದಕ್ಕೆ ಬರೆದದ್ದು. ಒಬ್ಬ ಮನುಷ್ಯ ಮೂವತ್ತು, ನಲವತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು, ಗಂಟೆ ನಿಮಿಷ ಸಮೇತ, ಯಾವ ಆವರ್ತನದಲ್ಲಿ ಯಾವ ದೇಶ ಎಷ್ಟು ಗಟ್ಟಿಯಾಗಿ ಕೇಳಿತು ಅಂತ ಬರೆದಿದ್ದಾನೆ. ನಾಲ್ಕು ಸೂರ್ಯಚಕ್ರಗಳ ಅಯಾನುಗೋಳದ ದಿನಚರಿ ಅದರಲ್ಲಿದೆ. ಭೂಕಂಪದ ದಿನದ ಪುಟ ಇದೆ. ಅಂಚಿನಲ್ಲಿ ಮಳೆ ಜೋರು, ಕರೆಂಟ್ ಇಲ್ಲ, ನಾಳೆ ಮಗಳ ಪರೀಕ್ಷೆ ಅಂತಲೂ ಇರುತ್ತೆ. ಪಕ್ಕದ ಶೂ ಡಬ್ಬದಲ್ಲಿ ಕ್ಯೂಎಸ್‌ಎಲ್ ಕಾರ್ಡುಗಳು ಇರ್ತವೆ. ಮಾತಾಡಿದ್ದಕ್ಕೆ ಸಾಕ್ಷಿಯಾಗಿ ಎರಡೂ ಕಡೆಯವರು ಅಂಚೆಯಲ್ಲಿ ಕಳಿಸಿಕೊಳ್ಳೋ ಕಾರ್ಡು ಅದು. ಸೋವಿಯತ್ ಒಕ್ಕೂಟ, ಯುಗೊಸ್ಲಾವಿಯ, ಪೂರ್ವ ಜರ್ಮನಿ, ಈಗ ನಕಾಶೆಯಲ್ಲೇ ಇಲ್ಲದ ದೇಶಗಳಿಂದ ಭದ್ರಾವತಿಯ ವಿಳಾಸಕ್ಕೆ ಬಂದವು. ನಮ್ಮ ಕಾರ್ಖಾನೆಯ ಚರಿತ್ರೆ ಪುಸ್ತಕಗಳಲ್ಲಿದೆ. ಅಲ್ಲಿ ದುಡಿದವರು ಸಂಜೆ ಹೊತ್ತು ಏನು ಮಾಡ್ತಿದ್ದರು ಅನ್ನೋದಕ್ಕೆ ಇಂಥ ದಾಖಲೆ ಬಿಟ್ಟರೆ ಬೇರೆ ನಾನು ಕಂಡಿಲ್ಲ.

ಹಾಗಾಗಿ ಕೇಳ್ತಿರೋರಲ್ಲಿ ಯಾರ ಮನೆಯಲ್ಲಾದ್ರೂ ಅಪ್ಪನದೋ, ಅಜ್ಜನದೋ ಇಂಥ ಪೆಟ್ಟಿಗೆ ಇದ್ರೆ ಎರಡು ವಿಷಯ. ಲಾಗ್ ಬುಕ್ಕು, ಕಾರ್ಡು ಎರಡನ್ನೂ ಬೇರೆ ತೆಗೆದಿಡಿ. ಕೊನೆಗೆ ಮೊಬೈಲಿನಲ್ಲಿ ಪುಟ ಪುಟ ಫೋಟೊ ಹೊಡೆದಿಟ್ಟರೂ ಆಯ್ತು. ಸೆಟ್ಟನ್ನ ಗುಜರಿಗೆ ಹಾಕಬೇಡಿ, ಅಂಗಡಿಯಲ್ಲಿ ಮಾರೋಕೂ ಹೋಗಬೇಡಿ. 1933ರ ಕಾಯ್ದೆಯ ಜಾಗಕ್ಕೆ ಅಂತ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, ಆದರೂ ಟ್ರಾನ್ಸ್‌ಮಿಟರ್ ಯಾರ ಕೈಗೆ ಬೇಕಾದ್ರೂ ಕೊಡೋ ವಸ್ತು ಅಲ್ಲ. ಪರವಾನಗಿ ಇರೋ ಹ್ಯಾಮ್‌ಗೆ ಒಪ್ಪಿಸಿ. ನಿಮ್ಮ ಮನೆಯ ಹುಡುಗನಿಗೋ ಹುಡುಗಿಗೋ ಆಸಕ್ತಿ ಇದ್ರೆ ಇನ್ನೂ ಒಳ್ಳೇದು. 12 ವರ್ಷ ತುಂಬಿದ್ರೆ ಪರೀಕ್ಷೆ ಬರೀಬಹುದು, ಅರ್ಜಿ ಈಗ ಆನ್‌ಲೈನ್, ಶುರುವಿನ ದರ್ಜೆಗೆ ಮೋರ್ಸ್ ಕೂಡ ಬೇಡ. ನಾನಂತೂ ಮೋರ್ಸ್ ಕಲೀರಿ ಅಂತಲೇ ಹೇಳ್ತೀನಿ.

ಇನ್ನೊಂದು ಮಾತು, ಇದು ಮಾತ್ರ ನಿಜಕ್ಕೂ ಮುಖ್ಯವಾದದ್ದು. ಆ ಪೆಟ್ಟಿಗೆಯಲ್ಲಿ ವಾಲ್ವ್ ಸೆಟ್ಟು ಇದ್ರೆ ಕುತೂಹಲಕ್ಕೆ ಕರೆಂಟು ಕೊಡಬೇಡಿ, ಪವರ್ ಸಪ್ಲೈ ಮುಚ್ಚಳ ಬಿಚ್ಚಿ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ನಿಂತಿರುತ್ತೆ. ತಿಳಿದವರನ್ನ ಕರೆಸಿ, ಅವರು ಒಂದು ಕೈ ಜೇಬಲ್ಲಿಟ್ಟುಕೊಂಡು ಬಿಚ್ಚಿಕೊಡ್ತಾರೆ.

ಮುಂದಿನ ಕಂತಿನಲ್ಲಿ ಸಿಗೋಣ.